ತೂತಿನ ಕೊಡಕ್ಕೆ ನೀರು

ಚಿಂತಾಮಣಿಯ ಬೇಸಗೆಯನ್ನು ಬಲ್ಲವರಿಗೆ ಅದನ್ನು ವರ್ಣಿಸಬೇಕಾಗಿಲ್ಲ. ಸುತ್ತಲಿನ ಬಂಡೆಗಳು ಹಗಲೆಲ್ಲ ಹೀರಿದ ಬಿಸಿಲನ್ನು ಇರುಳಿನಲ್ಲಿ ಊರಿಗೆ ಹಿಂದಿರುಗಿಸುತ್ತವೆ. ಎಪ್ಪತ್ತು ದಾಟಿದ ನಮ್ಮ ತಾಯಿಯವರಿಗೆ ಈ ಸೆಕೆ ತಡೆಯದಾದಾಗ ಅವರ ಕೋಣೆಗೆ ಹವಾನಿಯಂತ್ರಣದ ಯಂತ್ರವೊಂದನ್ನು ಹಾಕಿಸಿದೆ. ಉಪಾಧ್ಯಾಯನ ಸಂಬಳಕ್ಕೆ ಅದು ಸಣ್ಣ ಸಾಹಸವಲ್ಲ. ಮೊದಲ ಬೇಸಗೆ ಸುಖವಾಗಿ ಕಳೆಯಿತು. ಎರಡನೆಯ ಬೇಸಗೆಯಲ್ಲಿ ಯಂತ್ರ ಓಡುತ್ತಿತ್ತು, ತಂಪು ಮಾತ್ರ ಇರಲಿಲ್ಲ. ಕರೆಸಿದ ಮೆಕ್ಯಾನಿಕ್ “ಗ್ಯಾಸ್ ಖಾಲಿಯಾಗಿದೆ” ಎಂದ. ಗೇಜಿನ ಮುಳ್ಳು ನೋಡಿಕೊಂಡು ತುಂಬಿಸಿದ. ಹಣ ಎಣಿಸಿಕೊಂಡು ಹೋದ. ಮೂರನೆಯ ಬೇಸಗೆಯಲ್ಲಿಯೂ ಅದೇ ಕಥೆ. ನಾಲ್ಕನೆಯ ಬೇಸಗೆಗೆ ಮತ್ತೆ ಅವನನ್ನೇ ಕರೆಯಹೊರಟಾಗ ತಾಯಿ ಮೆಲ್ಲನೆ ಕೇಳಿದರು:

“ಅಲ್ಲಪ್ಪಾ, ಕೊಡ ತೂತೋ ಏನೋ ನೋಡದೆ ವರ್ಷಾ ವರ್ಷಾ ನೀರು ಹೊಯ್ಯುತ್ತಾ ಇದ್ದೀಯಲ್ಲ?”

ಕನ್ನಡ ಎಂ.ಎ. ಮಾಡಿದ ನನಗೆ ಹೊಳೆಯದೆ ಹೋದ ಪ್ರಶ್ನೆ ಅದು. ಮರುದಿನ ಕಾಲೇಜಿನಲ್ಲಿ ಭೌತಶಾಸ್ತ್ರದ ಗೆಳೆಯರ ಮುಂದೆ ಕೈಕಟ್ಟಿ ಕುಳಿತೆ.

ಗ್ಯಾಸ್ ಎಲ್ಲಿಗೆ ಹೋಯಿತು?

ಅವರು ಪಾಠವನ್ನು ನಂದಿಬೆಟ್ಟದಿಂದ ಆರಂಭಿಸಿದರು. 1,478 ಮೀಟರ್ ಎತ್ತರದ ಆ ಬೆಟ್ಟದ ಮೇಲೆ ಗಾಳಿಯ ಒತ್ತಡ ಕಡಿಮೆ. ಆದ್ದರಿಂದ ನೀರು ಅಲ್ಲಿ 100 ಡಿಗ್ರಿಗೆ ಬದಲು ಸುಮಾರು 95 ಡಿಗ್ರಿಗೇ ಕುದಿಯುತ್ತದೆ. ಒತ್ತಡ ಕುಗ್ಗಿದರೆ ಕುದಿಯುವ ಉಷ್ಣತೆಯೂ ಇಳಿಯುತ್ತದೆ. ಯಂತ್ರದ ಮರ್ಮವೂ ಇಷ್ಟೇ. ಅದರೊಳಗಿನ ‘ಆರ್-32’ ಎಂಬ ದ್ರವ್ಯ ಸಾಮಾನ್ಯ ಒತ್ತಡದಲ್ಲಿ ಸೊನ್ನೆಗಿಂತ 52 ಡಿಗ್ರಿ ಕೆಳಗೇ ಕುದಿಯುವಂಥದು. ಕೋಣೆಯೊಳಗಿನ ಸುರುಳಿಯಲ್ಲಿ ಅದು ಕಡಿಮೆ ಒತ್ತಡದಲ್ಲಿ ಕುದಿದು ಆವಿಯಾಗುತ್ತ ನಮ್ಮ ಶಾಖವನ್ನು ಹೀರುತ್ತದೆ. ಹೊರಗಿನ ಕಂಪ್ರೆಸರ್ ಆ ಆವಿಯನ್ನು ಅದುಮುತ್ತದೆ. ಅದು ಶಾಖವನ್ನು ಬಯಲಿಗೆ ಚೆಲ್ಲಿ ಮತ್ತೆ ದ್ರವವಾಗುತ್ತದೆ. ಚಳಿಯ ದೇಶಗಳಲ್ಲಿ ಇದೇ ಪ್ರವಾಹವನ್ನು ತಿರುಗುಮುರುಗು ಮಾಡಿ, ಹೊರಗಿನ ಶಾಖವನ್ನು ಒಳಗೆ ತಂದು ಮನೆಯನ್ನು ಬೆಚ್ಚಗಿಡುತ್ತಾರೆ.

ಗಮನಿಸಬೇಕಾದುದೆಂದರೆ, ಈ ಸುತ್ತಾಟದಲ್ಲಿ ಗ್ಯಾಸ್ ಉರಿಯುವುದೂ ಇಲ್ಲ, ಸವೆಯುವುದೂ ಇಲ್ಲ. ಅದು ಸ್ಕೂಟರಿನ ಪೆಟ್ರೋಲಲ್ಲ. ಕಡಿಮೆಯಾಗಿದ್ದರೆ ಎಲ್ಲಿಯೋ ಸೋರಿದೆ ಎಂದೇ ಅರ್ಥ.

ಮುಳ್ಳಲ್ಲ, ತಕ್ಕಡಿ

“ಸರಿ, ಗೇಜು ನೋಡಿ ತುಂಬಿದರೆ ತಪ್ಪೇನು?” ಎಂದು ಕೇಳಿದೆ. ಗೆಳೆಯರು ಅಡುಗೆಮನೆಯ ಉದಾಹರಣೆ ಕೊಟ್ಟರು. ನಮ್ಮ ಸಿಲಿಂಡರಿನಲ್ಲಿ 14.2 ಕಿಲೋ ಅನಿಲವಿರಲಿ, ನಾಲ್ಕೇ ಕಿಲೋ ಇರಲಿ, ಒಳಗಿನ ಒತ್ತಡ ಹೆಚ್ಚುಕಡಿಮೆ ಒಂದೇ. ಏಕೆಂದರೆ ದ್ರವವೂ ಆವಿಯೂ ಜೊತೆಯಲ್ಲಿರುವಾಗ ಒತ್ತಡವನ್ನು ನಿರ್ಧರಿಸುವುದು ಉಷ್ಣತೆಯೇ ಹೊರತು ಪ್ರಮಾಣವಲ್ಲ. ಅದಕ್ಕಾಗಿಯೇ ಸಿಲಿಂಡರನ್ನು ತೂಗಿ ಪಡೆಯುತ್ತೇವೆ. ಹವಾಯಂತ್ರದಲ್ಲಿಯೂ ಮುಳ್ಳು ದಿನದ ಬಿಸಿಲಿನೊಡನೆ ಏರಿಳಿಯುತ್ತದೆ. ಇನ್ವರ್ಟರ್ ಬಗೆಯಲ್ಲಂತೂ ಕಂಪ್ರೆಸರಿನ ವೇಗದೊಡನೆಯೂ ಕುಣಿಯುತ್ತದೆ.

ಪ್ರಮಾಣ ತಪ್ಪಿದರೆ ಎರಡು ಕಡೆಯೂ ಕೇಡು. ಕಡಿಮೆಯಾದರೆ ಒಳಸುರುಳಿಯಲ್ಲಿ ಮಂಜು ಕಟ್ಟಬಹುದು. ಮರಳಿ ಬರುವ ತಣ್ಣನೆಯ ಆವಿಯಿಂದಲೇ ತಂಪಾಗಬೇಕಾದ ಕಂಪ್ರೆಸರ್ ಕಾದು ಬೇಯುತ್ತದೆ. ಹೆಚ್ಚಾದರೆ ಒತ್ತಡ ಏರಿ ವಿದ್ಯುತ್ತಿನ ಬಿಲ್ಲು ಬೆಳೆಯುತ್ತದೆ. ಆವಿಯಾಗದೆ ಉಳಿದ ದ್ರವ ಕಂಪ್ರೆಸರಿಗೆ ನುಗ್ಗಿ ಅದನ್ನು ಮುರಿಯಲೂಬಹುದು.

ಈ ಬಾರಿ ಐ.ಟಿ.ಐ.ಯಲ್ಲಿ ಕಲಿತ ತರುಣನೊಬ್ಬನನ್ನು ಕರೆಸಿದೆ. ಅವನ ಚೀಲದಲ್ಲಿ ತಕ್ಕಡಿಯಿತ್ತು! ಉಳಿದ ಗ್ಯಾಸನ್ನು ಗಾಳಿಗೆ ಬಿಡದೆ ಬೇರೆ ಸಿಲಿಂಡರಿಗೆ ಹಿಡಿದು ತೂಗಿದ: 410 ಗ್ರಾಂ. ಯಂತ್ರದ ಪಟ್ಟಿಯಲ್ಲಿ ಬರೆದದ್ದು 720 ಗ್ರಾಂ. ಕೊಳವೆಗೆ ನೈಟ್ರೋಜನ್ ತುಂಬಿ, ಕೀಲುಗಳಿಗೆಲ್ಲ ಸಾಬೂನಿನ ನೊರೆ ಸವರಿದ. ಹೊರಘಟಕದ ನಟ್ಟೊಂದರ ಬಳಿ ಗುಳ್ಳೆಗಳು ಎದ್ದವು.

“ಇಲ್ಲಿ ನೋಡಿ ಸಾರ್, ನಿಮ್ಮ ಎರಡು ವರ್ಷದ ದುಡ್ಡು” ಎಂದ.

“ಆಕ್ಸಿಜನ್ ತುಂಬಿದರೂ ಆಗುತ್ತದೆಯೇ?” ಎಂದು ಕೇಳಿದ್ದಕ್ಕೆ ಬೆಚ್ಚಿದ: “ಬೇಡಿ ಸಾರ್! ಒಳಗಿನ ಎಣ್ಣೆಗೆ ಅದು ಸೇರಿದರೆ ಸಿಡಿದೀತು.” ಆರ್-32 ಕೂಡ ಅಲ್ಪಸ್ವಲ್ಪ ಉರಿಯುವ ಗ್ಯಾಸು, ಆದುದರಿಂದ ಇದು ಮನೆಯವರು ಕೈಹಾಕುವ ಕೆಲಸವಲ್ಲ.

ಕೊಳವೆಯ ತುದಿಯನ್ನು ಹೊಸದಾಗಿ ಅರಳಿಸಿ ನಟ್ಟನ್ನು ಬಿಗಿದ. ವ್ಯಾಕ್ಯೂಮ್ ಪಂಪಿನಿಂದ ಒಳಗಿನ ಗಾಳಿಯನ್ನೂ ತೇವವನ್ನೂ ಎಳೆದು ತೆಗೆದ. ತೇವ ಉಳಿದರೆ ಎಣ್ಣೆಯೊಡನೆ ಕೂಡಿ ಆಮ್ಲವಾಗಿ ಯಂತ್ರವನ್ನು ತಿನ್ನುತ್ತದಂತೆ. ಕೊನೆಗೆ ಗ್ಯಾಸಿನ ಸಿಲಿಂಡರನ್ನು ತಕ್ಕಡಿಯ ಮೇಲಿಟ್ಟು 720 ಗ್ರಾಂ ತುಂಬಿದ. ನಮ್ಮ ಮನೆಯ ಕೊಳವೆ ಕಂಪನಿಯ ಪುಸ್ತಕ ಹೇಳುವ ಅಳತೆಗಿಂತ ಎರಡು ಮೀಟರ್ ಉದ್ದವಾದುದರಿಂದ, ಅದೇ ಪುಸ್ತಕದ ಲೆಕ್ಕದಂತೆ ಇನ್ನೂ 40 ಗ್ರಾಂ ಸೇರಿಸಿದ. ಅಕ್ಕಸಾಲಿ ಚಿನ್ನ ತೂಗುವಷ್ಟೇ ಶ್ರದ್ಧೆ!

ಸೋರಿದ್ದು ನನ್ನ ಹಣ ಮಾತ್ರವಲ್ಲ. ಹಳೆಯ ಯಂತ್ರಗಳ ಆರ್-22 ಓಜೋನ್ ಪದರವನ್ನು ಕೊರೆಯುವಂಥದು. 1987ರ ಮಾಂಟ್ರಿಯಲ್ ಒಪ್ಪಂದದ ಮೂಲಕ ಲೋಕ ಅಂಥ ದ್ರವ್ಯಗಳಿಗೆ ಕಡಿವಾಣ ಹಾಕಿತು. ಆರ್-32 ಓಜೋನಿಗೆ ಹಾನಿ ಮಾಡದು, ನಿಜ. ಆದರೆ ಒಂದು ಕಿಲೋ ಆರ್-32 ಗಾಳಿಗೆ ಸೇರಿದರೆ, ನೂರು ವರ್ಷಗಳ ಲೆಕ್ಕದಲ್ಲಿ 675 ಕಿಲೋ ಇಂಗಾಲದ ಡೈಆಕ್ಸೈಡಿನಷ್ಟು ಭೂಮಿಯನ್ನು ಕಾಯಿಸುತ್ತದೆ. ತಾಯಿಯ ಕೋಣೆಯನ್ನು ತಣಿಸಲು ಹೋಗಿ ಮೊಮ್ಮಕ್ಕಳ ಊರನ್ನೇ ಕಾಯಿಸುತ್ತಿದ್ದೆನಲ್ಲ ಎಂದು ನಾಚಿಕೆಯಾಯಿತು.

ನಮ್ಮ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಭೌತಶಾಸ್ತ್ರಜ್ಞ ಎಚ್. ನರಸಿಂಹಯ್ಯನವರು, ಪ್ರಶ್ನಿಸದೆ ಯಾವುದನ್ನೂ ಒಪ್ಪಬಾರದೆಂದು ಜೀವಮಾನವಿಡೀ ಬೋಧಿಸಿದರು. ವಾಚಕರೇ, ಮುಂದಿನ ಬೇಸಗೆಯಲ್ಲಿ ‘ಗ್ಯಾಸ್ ಖಾಲಿ’ ಎಂಬ ಮಾತು ಕಿವಿಗೆ ಬಿದ್ದಾಗ ಮೂರೇ ಪ್ರಶ್ನೆ ಕೇಳಿ: ಎಲ್ಲಿ ಸೋರಿದೆ? ಗಾಳಿ, ತೇವಗಳನ್ನು ಎಳೆದು ತೆಗೆಯುವಿರಾ? ತಕ್ಕಡಿ ತಂದಿದ್ದೀರಾ?

ಆ ರಾತ್ರಿ ತಾಯಿ ಹೊದಿಕೆ ಕೇಳಿದರು. ನಾನು ತಂದು ಹೊದಿಸುವಾಗ ನಕ್ಕು ಕೇಳಿದರು: “ತೂತು ಸಿಕ್ಕಿತೇನಪ್ಪಾ?”