ಒಂದೇ ಊರಲ್ಲಿ ಬೇಸಿಗೆ: ಸಣ್ಣ ಜೇಬಿಗೆ ಶೃಂಗೇರಿ

ಏಪ್ರಿಲ್‌ನಲ್ಲಿ ಶಾಲೆಗೆ ರಜೆ ಬಿದ್ದ ಕೂಡಲೇ ಮನೆಮನೆಯಲ್ಲೂ ಶುರುವಾಗುವ ಮಾತು ಒಂದೇ: ಎಲ್ಲಿಗಾದರೂ ಹೋಗೋಣ. ಮೊದಲು ಬಾಯಿಗೆ ಬರುವುದು ಊಟಿ, ಆಮೇಲೆ ಕೊಡಗು, ಕೊನೆಗೆ ಚಿಕ್ಕಮಗಳೂರಿನ ಯಾವುದಾದರೂ ಹೋಮ್‌ಸ್ಟೇ. ಮೇ ತಿಂಗಳ ಊಟಿಯಲ್ಲಿ ಕೊಠಡಿ ಬಾಡಿಗೆ ವಿಚಾರಿಸಿದವರು ಎರಡನೇ ಸಲ ವಿಚಾರಿಸುವ ಧೈರ್ಯ ಮಾಡುವುದಿಲ್ಲ. ಸಾಲದ್ದಕ್ಕೆ 2024ರ ಮೇಯಿಂದ ಹೊರಗಿನ ವಾಹನಗಳಿಗೆ ಅಲ್ಲಿ ಇ-ಪಾಸ್ ಬೇರೆ. ಹೋಮ್‌ಸ್ಟೇಯವರು ತಲೆ ಎಣಿಸಿ ದರ ಹೇಳುತ್ತಾರೆ. ನಾಲ್ಕು ಜನರ ಸಂಸಾರಕ್ಕೆ ಎರಡು ರಾತ್ರಿಯ ಲೆಕ್ಕ ಹಾಕಿ ಮುಗಿಸುವಷ್ಟರಲ್ಲಿ ಪ್ರವಾಸದ ಉಮೇದು ಅರ್ಧ ಇಳಿದಿರುತ್ತದೆ.

ಅಂಥ ಮನೆಯವರಿಗೆ ನಾನು ಹೇಳುವ ಊರು ಶೃಂಗೇರಿ. ಅಲ್ಲಿ ಎಲ್ಲ ಅಗ್ಗ ಎಂದಲ್ಲ, ಅಲ್ಲಿ ಒಂದೇ ಕಡೆ ಉಳಿಯಬಹುದು ಎಂದು. ಬಡಪಾಯಿ ಪ್ರವಾಸಿಯ ದುಡ್ಡು ಕರಗುವುದು ಊಟದಲ್ಲೂ ಅಲ್ಲ, ಕೊಠಡಿಯಲ್ಲೂ ಅಲ್ಲ, ಓಡಾಟದಲ್ಲಿ. ಮೂರು ದಿನಕ್ಕೆ ಒಂಬತ್ತು ಸ್ಥಳ ಎಂದು ಟೆಂಪೊ ಟ್ರಾವೆಲರ್ ಹಿಡಿದವರ ಹಣ ಡೀಸೆಲ್ ಆಗಿ ಉರಿದುಹೋಗುತ್ತದೆ. ಒಂದು ಊರಲ್ಲಿ ಗಂಟು ಇಳಿಸಿ, ಬೆಳಿಗ್ಗೆ ಒಂದು ಬಸ್ಸು ಹತ್ತಿ, ಸಂಜೆ ಮತ್ತೆ ಅಲ್ಲಿಗೇ ಮರಳಿದರೆ ಖರ್ಚು ತಾನಾಗಿ ಹಿಡಿತಕ್ಕೆ ಬರುತ್ತದೆ. ಶತಮಾನಗಳಿಂದ ಯಾತ್ರಿಕರನ್ನು ನೋಡಿಕೊಂಡ ಊರಿಗೆ ಇದು ಚೆನ್ನಾಗಿ ಗೊತ್ತು.

ಮೊದಲೇ ಒಂದು ಮಾತು. ತಂಪು ಹುಡುಕಿಕೊಂಡು ಹೋಗುವವರಿಗೆ ಇದು ಊಟಿಯಲ್ಲ. ಊಟಿ 2,240 ಮೀಟರ್ ಎತ್ತರದಲ್ಲಿದ್ದರೆ ಶೃಂಗೇರಿ ಸುಮಾರು 670 ಮೀಟರ್, ಬೆಂಗಳೂರಿಗಿಂತಲೂ ತಗ್ಗು. ಮಧ್ಯಾಹ್ನದ ಬಿಸಿಲು ಬಿಸಿಲೇ, ಬೆವರೂ ಇಳಿಯುತ್ತದೆ. ಆದರೆ ಸುತ್ತ ಅಡಿಕೆ ತೋಟ, ಕಾಡು, ನಡುವೆ ತುಂಗೆ. ಸೂರ್ಯ ಇಳಿದ ಮೇಲೆ ನದಿಯ ಕಡೆಯಿಂದ ಗಾಳಿ ಬೀಸತೊಡಗುತ್ತದೆ. ಮೇ ತಿಂಗಳಲ್ಲಿ ಒಂದೆರಡು ಸಂಜೆ ಗುಡುಗಿ ಮಳೆ ಬಂದರಂತೂ ರಾತ್ರಿ ಹೊದಿಕೆ ಹುಡುಕಬೇಕಾಗುತ್ತದೆ.

ಬೆಂಗಳೂರಿನಿಂದ ಶೃಂಗೇರಿಗೆ ಸುಮಾರು 330 ಕಿಲೋಮೀಟರ್. ರೈಲಿಲ್ಲ. ಶಿವಮೊಗ್ಗದವರೆಗೆ ರೈಲಿನಲ್ಲಿ ಬಂದು ಅಲ್ಲಿಂದ ಬಸ್ಸು ಹಿಡಿಯಬಹುದು, ಇಲ್ಲವೇ ರಾತ್ರಿ ಬಸ್ಸಿನಲ್ಲಿ ನೇರ ಬರಬಹುದು. ರಾತ್ರಿ ಬಸ್ಸಿನ ಲಾಭವೆಂದರೆ ಒಂದು ದಿನದ ಕೊಠಡಿ ಬಾಡಿಗೆ ಉಳಿಯುತ್ತದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾದ ಮೇಲೆ ಈ ಲೆಕ್ಕವೇ ಬದಲಾಯಿತು. ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ಅಮ್ಮ, ಅಜ್ಜಿ, ಮಗಳು ಹೊರಟರೆ ಅಪ್ಪನದೊಂದೇ ಟಿಕೆಟ್. ರಾಜಹಂಸ, ಐರಾವತಗಳಿಗೆ ಇದು ನಡೆಯುವುದಿಲ್ಲ. ಕೆಂಪು ಬಸ್ಸಿನಲ್ಲಿ ಕೂತು ಬರಲು ಬೆನ್ನು ಗಟ್ಟಿಯಿರಬೇಕು. ಗುರುತಿನ ಚೀಟಿ ಮರೆಯಬಾರದು.

ಆದರೆ ಶಕ್ತಿಯನ್ನೇ ನಂಬಿ ಬಂದವರು ಮಲೆನಾಡಿನಲ್ಲಿ ಒಂದು ಸಂಗತಿ ತಿಳಿದಿರಬೇಕು. ಇಲ್ಲಿ ಊರಿಂದೂರಿಗೆ ಓಡುವ ಬಸ್ಸುಗಳಲ್ಲಿ ಖಾಸಗಿಯವೇ ಜಾಸ್ತಿ. ಅವುಗಳಲ್ಲಿ ಹೆಣ್ಣುಮಕ್ಕಳೂ ದುಡ್ಡು ಕೊಡಬೇಕು. ಒಂದು ಕಾಲಕ್ಕೆ ಈ ರಸ್ತೆಗಳನ್ನು ಆಳಿದ್ದು ಕೊಪ್ಪದ ಸಹಕಾರ ಸಾರಿಗೆ. ಕೆಲಸ ಕಳೆದುಕೊಂಡ ಬಸ್ ಕಾರ್ಮಿಕರು 1991ರಲ್ಲಿ ತಾವೇ ಕಟ್ಟಿಕೊಂಡ ಸಂಸ್ಥೆ ಅದು. ಡ್ರೈವರು, ಕಂಡಕ್ಟರುಗಳೇ ಮಾಲೀಕರು. ಮಲೆನಾಡಿನ ಮೂಲೆಮೂಲೆಯ ಹಳ್ಳಿಯ ಮಕ್ಕಳನ್ನು ಶಾಲೆಗೆ ಮುಟ್ಟಿಸಿದ ಆ ಬಸ್ಸುಗಳು 2020ರ ಫೆಬ್ರುವರಿಯಲ್ಲಿ ನಿಂತುಹೋದವು. ಹಳಬರು ಇವತ್ತಿಗೂ ಬಸ್‌ಸ್ಟ್ಯಾಂಡಿನಲ್ಲಿ ಅದರ ಮಾತು ತೆಗೆಯುತ್ತಾರೆ. ಈಗ ಎರಡು ಬಸ್ಸಿನ ನಡುವೆ ಕಾಯುವುದು ಹೆಚ್ಚಾಗಿದೆ. "ಅದು ಆಗ್ಲೇ ಹೋಯ್ತಲ್ಲ ಮಾರಾಯ್ರೆ" ಎಂಬ ಉತ್ತರ ಕೇಳಿದ ಮೇಲೆ ಆಟೋ ಹಿಡಿದರೆ ದಿನದ ಬಜೆಟ್ಟು ಅಲ್ಲಿಗೆ ಮುಗಿಯಿತು. ಹಾಗಾಗಿ ಬಂದಿಳಿದ ಕೂಡಲೇ ಮಾಡಬೇಕಾದ ಕೆಲಸ, ಮರುದಿನದ ಬಸ್ಸುಗಳ ಹೊತ್ತನ್ನು, ಮುಖ್ಯವಾಗಿ ಕೊನೆಯ ಬಸ್ಸು ಎಷ್ಟಕ್ಕೆ ಎಂಬುದನ್ನು ಬಸ್‌ಸ್ಟ್ಯಾಂಡಿನಲ್ಲೇ ಕೇಳಿ ಬರೆದುಕೊಳ್ಳುವುದು.

ಉಳಿಯಲು ಊರಿನ ಶಾರದಾ ಮಠದ ಯಾತ್ರಿ ನಿವಾಸಗಳಿವೆ. ಖಾಸಗಿ ಲಾಡ್ಜಿಗೆ ಹೋಲಿಸಿದರೆ ಬಾಡಿಗೆ ತೀರ ಕಡಿಮೆ. ಕೊಠಡಿಯಲ್ಲಿ ಟಿವಿ, ರೂಮ್ ಸರ್ವಿಸ್ ಇತ್ಯಾದಿ ನಿರೀಕ್ಷೆ ಬೇಡ. ಚೊಕ್ಕಟವಾಗಿರುತ್ತದೆ, ನೀರಿರುತ್ತದೆ, ಅಷ್ಟು ಸಾಕು. ಶನಿವಾರ, ಭಾನುವಾರ ಮತ್ತು ವೈಶಾಖದ ಶಂಕರ ಜಯಂತಿಯ ಆಸುಪಾಸಿನಲ್ಲಿ ಕೊಠಡಿ ಸಿಗುವುದು ಕಷ್ಟ. ಸೋಮವಾರ ಬಂದು ಗುರುವಾರ ಹೊರಡುವವರಿಗೆ ಊರು ನಿಜಕ್ಕೂ ಸಿಗುತ್ತದೆ. ದೇವಸ್ಥಾನದ ಊರುಗಳಲ್ಲಿ ಒಂಟಿಯಾಗಿ ಬಂದವರಿಗೆ ಕೊಠಡಿ ಕೊಡಲು ಹಿಂದೆಮುಂದೆ ನೋಡುವುದುಂಟು. ಹಾಗೆ ಬರುವವರು ಒಂದು ಖಾಸಗಿ ಲಾಡ್ಜಿನ ವಿಚಾರವನ್ನೂ ಮನಸ್ಸಿನಲ್ಲಿಟ್ಟುಕೊಂಡೇ ಬರಬೇಕು.

ಊಟ ಮಠದಲ್ಲಿ, ಎರಡು ಹೊತ್ತು. ಅನ್ನ, ಸಾರು, ಹುಳಿ, ಪಾಯಸ, ಮಜ್ಜಿಗೆ. ಜಾತಿ, ಊರು, ಟಿಕೆಟ್ ಯಾವುದನ್ನೂ ಕೇಳುವುದಿಲ್ಲ. ಇದನ್ನು 'ಫ್ರೀ ಊಟ' ಎಂದು ಪ್ರವಾಸದ ಪಟ್ಟಿಯಲ್ಲಿ ಬರೆದುಕೊಳ್ಳುವವರನ್ನು ಕಂಡರೆ ನನಗೆ ಸ್ವಲ್ಪ ಇರುಸುಮುರುಸು. ಅದು ಪ್ರಸಾದ, ಯಾರೋ ಕೊಟ್ಟ ಅಕ್ಕಿ, ಯಾರೋ ಕೊಟ್ಟ ಬೇಳೆ. ಉಳಿದ ದುಡ್ಡಿನಲ್ಲಿ ಒಂದಿಷ್ಟನ್ನು ಹುಂಡಿಗೆ ಹಾಕಿದರೆ ಮರ್ಯಾದೆಯೂ ಉಳಿಯುತ್ತದೆ, ಲೆಕ್ಕವೂ ಏರುಪೇರಾಗುವುದಿಲ್ಲ. ಬೆಳಗಿನ ತಿಂಡಿಗೆ ಪೇಟೆಯ ಸಣ್ಣ ಹೋಟೆಲುಗಳಿವೆ. ನೀರುದೋಸೆ, ಬನ್ಸ್, ಕಾಫಿ. ಬಿಸಿಲಿಗೆ ಪುನರ್ಪುಳಿ ಶರಬತ್ತು.

ಇನ್ನು ನೋಡುವುದಕ್ಕೆ. ಶಾರದೆಯ ದರ್ಶನ ಮಾಡಿ ಹೊರಬಂದವರು ಪಕ್ಕದ ವಿದ್ಯಾಶಂಕರ ದೇವಾಲಯವನ್ನು ಒಂದು ಸುತ್ತು ಹಾಕಿ, ಫೋಟೊ ಹೊಡೆದುಕೊಂಡು ಹೊರಟುಬಿಡುತ್ತಾರೆ. ಅದಕ್ಕೆ ಒಂದು ಇಡೀ ಬೆಳಗು ಕೊಡಬೇಕು. ಹದಿನಾಲ್ಕನೇ ಶತಮಾನದ ಕಟ್ಟಡ. ವಿಜಯನಗರದ ಆರಂಭದ ದಿನಗಳದು. 1346ರಲ್ಲಿ ಹರಿಹರ ಮತ್ತವನ ತಮ್ಮಂದಿರು ಶೃಂಗೇರಿಗೆ ಬಂದು ದತ್ತಿ ಬಿಟ್ಟದ್ದು ಶಾಸನದಲ್ಲಿದೆ. ಎರಡೂ ತುದಿ ದುಂಡಗಾಗಿರುವ ಈ ಗುಡಿ ದೂರದಿಂದ ನೋಡಿದರೆ ಎತ್ತರದ ಜಗಲಿಯ ಮೇಲೆ ನಿಲ್ಲಿಸಿದ ಕಲ್ಲಿನ ರಥ. ಬಾಗಿಲು ಆರು. ಒಳಗೆ ಹನ್ನೆರಡು ಕಂಬ, ಒಂದೊಂದಕ್ಕೆ ಒಂದೊಂದು ರಾಶಿ. ಆಯಾ ಸೌರಮಾಸದಲ್ಲಿ ಬೆಳಗಿನ ಬಿಸಿಲು ಆಯಾ ರಾಶಿಯ ಕಂಬಕ್ಕೆ ಬೀಳುತ್ತದೆ ಎನ್ನುತ್ತಾರೆ. ನೋಡಲು ಪರದಾಡಬೇಕಿಲ್ಲ, ರಜೆಯಲ್ಲಿ ಬಂದವರಿಗೆ ಮೇಷ, ವೃಷಭ. ಮಕ್ಕಳಿಗೆ ತಮ್ಮ ತಮ್ಮ ರಾಶಿಯ ಕಂಬ ಹುಡುಕಲು ಹೇಳಿದರೆ ಒಂದು ಗಂಟೆ ಅವರ ಕಾಟವಿರುವುದಿಲ್ಲ. ಕಂಬದ ಸಿಂಹಗಳ ಬಾಯೊಳಗೆ ಕಲ್ಲಿನ ಗುಂಡು ಉರುಳುತ್ತದೆ, ಹೊರಗೆ ಬಾರದು. ಸೂರಿನ ಮೂಲೆಗಳಲ್ಲಿ ಕಲ್ಲಿನ ಸರಪಳಿ ಜೋಲುತ್ತದೆ. ಹೊರಗೋಡೆಯ ಸಾಲುಸಾಲು ಮೂರ್ತಿಗಳನ್ನು ನೋಡಲು ಬೆಳಿಗ್ಗೆ ಒಂಬತ್ತರೊಳಗೆ ಹೋಗುವುದು ಲೇಸು. ಆಮೇಲೆ ಅಂಗಳದ ಕಲ್ಲು ಕಾದು ಬರಿಗಾಲಲ್ಲಿ ಕುಣಿಯುವಂತಾಗುತ್ತದೆ.

ಈಗಿನ ಶಾರದಾ ದೇವಾಲಯಕ್ಕೆ ಕುಂಭಾಭಿಷೇಕವಾದದ್ದು 1916ರಲ್ಲಿ. ಅದೇ ವರ್ಷ ಮೈಸೂರು ಪ್ರಾಚ್ಯವಸ್ತು ಇಲಾಖೆಯ ಆರ್. ನರಸಿಂಹಾಚಾರ್ಯರು ಮಠದ ಕಡತಗಳಲ್ಲಿ ಟಿಪ್ಪು ಸುಲ್ತಾನನ ಕನ್ನಡ ಪತ್ರಗಳನ್ನು ಕಂಡರು. 1791ರಲ್ಲಿ ಪರಶುರಾಮ ಭಾವೂನ ಮರಾಠಾ ಪಡೆ ಮಠವನ್ನು ಲೂಟಿ ಮಾಡಿದಾಗ ಶಾರದೆಯ ಮರುಪ್ರತಿಷ್ಠೆಗೆ ಹಣ, ಧಾನ್ಯ ಕೊಡುವಂತೆ ಟಿಪ್ಪು ತನ್ನ ಬಿದನೂರಿನ ಅಧಿಕಾರಿಗೆ ಆಜ್ಞೆ ಮಾಡಿದ್ದು ಅವುಗಳಿಂದಲೇ ಲೋಕಕ್ಕೆ ತಿಳಿದದ್ದು. ಟಿಪ್ಪುವಿನ ವಿಚಾರದಲ್ಲಿ ಈಗ ಜಗಳ ಕಾಯುವವರು ಎರಡು ಕಡೆಯಲ್ಲೂ ಇದ್ದಾರೆ. ಅವರು ಇಲ್ಲಿ ಒಂದು ಮಧ್ಯಾಹ್ನ ಕೂತು ಹೋದರೆ ಒಳ್ಳೆಯದು.

ನದಿಯ ದಂಡೆಗೆ ಬೇಸಿಗೆಯೇ ಸರಿಯಾದ ಕಾಲ. ಮಳೆಗಾಲದಲ್ಲಿ ತುಂಗೆ ಕೆಂಪಾಗಿ ಉಕ್ಕಿ ಮೆಟ್ಟಿಲುಗಳನ್ನೇ ನುಂಗುತ್ತಾಳೆ. ದಂಡೆಯ ಕಪ್ಪೆ ಶಂಕರನ ಮೂರ್ತಿಯೂ ಮುಳುಗುತ್ತದೆ. ಏಪ್ರಿಲ್, ಮೇಯಲ್ಲಿ ನೀರು ತಗ್ಗಿ, ತಿಳಿಯಾಗಿ, ಸ್ನಾನಘಟ್ಟದ ಮೀನುಗಳು ಬೆನ್ನಿನ ಗೆರೆಯವರೆಗೂ ಕಾಣುತ್ತವೆ. ಮೊಳಕೈ ಉದ್ದದ ಮೀನುಗಳು. ದೇವರ ಮೀನೆಂದು ಯಾರೂ ಹಿಡಿಯುವುದಿಲ್ಲ. ಪ್ರಸವವೇದನೆಯಲ್ಲಿದ್ದ ಕಪ್ಪೆಗೆ ಸುಡುಬಿಸಿಲಲ್ಲಿ ಸರ್ಪ ಹೆಡೆ ಬಿಚ್ಚಿ ನೆರಳು ಮಾಡಿದ್ದನ್ನು ಕಂಡು ಶಂಕರಾಚಾರ್ಯರು ಈ ಜಾಗ ಆರಿಸಿಕೊಂಡರೆಂಬುದು ಇಲ್ಲಿನ ಕಥೆ. ಮೇ ತಿಂಗಳ ಹನ್ನೆರಡರ ಬಿಸಿಲಲ್ಲಿ ಆ ಮೂರ್ತಿಯ ಮುಂದೆ ನಿಂತವರಿಗೆ ಕಪ್ಪೆಯ ಕಷ್ಟ ಬಿಡಿಸಿ ಹೇಳಬೇಕಿಲ್ಲ. ಸೇತುವೆ ದಾಟಿದರೆ ನರಸಿಂಹವನ, ಹಿಂದಿನ ಗುರುಗಳ ಸಮಾಧಿಗಳು, ದೊಡ್ಡ ಮರಗಳ ನೆರಳು. ಈಗಿನ ಗುರುಗಳ ದರ್ಶನಕ್ಕೆ ಸಾಂಪ್ರದಾಯಿಕ ಉಡುಗೆ ಬೇಕು. ಒಂದು ಪಂಚೆ, ಒಂದು ಸೀರೆ ಬ್ಯಾಗಿನಲ್ಲಿರಲಿ. ಈಜಲು ಬಾರದವರು, ಬರುವವರು ಕೂಡ, ನದಿಯ ಗುರುತಿಲ್ಲದ ಗುಂಡಿಗಳಿಗೆ ಇಳಿಯಬಾರದು. ಮೇಲೆ ಶಾಂತವಾಗಿ ಕಾಣುವ ನೀರಿನಡಿ ಜಾರುವ ಬಂಡೆಗಳಿವೆ.

ಪೇಟೆಯ ನಡುವೆಯೇ ಹನ್ನೆರಡನೇ ಶತಮಾನದ ಪಾರ್ಶ್ವನಾಥ ಬಸದಿ ಇದೆ. ಅಂಗಡಿಗಳ ಗದ್ದಲದಲ್ಲಿ ಹೆಚ್ಚಿನವರಿಗೆ ಕಣ್ಣಿಗೇ ಬೀಳುವುದಿಲ್ಲ. ಮೆಟ್ಟಿಲು ಹತ್ತಿದರೆ ಮಲಹಾನಿಕರೇಶ್ವರ, ಒಳಗೆ ಕಂಬದಲ್ಲಿ ಮೂಡಿದ ಸ್ತಂಭ ಗಣಪತಿ. ಊರಿನ ನಾಲ್ಕು ದಿಕ್ಕಿಗೆ ನಾಲ್ಕು ಕಾವಲು ದೇವರು: ಪೂರ್ವಕ್ಕೆ ಕಾಲಭೈರವ, ದಕ್ಷಿಣಕ್ಕೆ ದುರ್ಗೆ, ಪಶ್ಚಿಮಕ್ಕೆ ಆಂಜನೇಯ, ಉತ್ತರಕ್ಕೆ ಕಾಳಿ. ಈ ನಾಲ್ಕನ್ನೂ ನಡೆದೇ ಮುಗಿಸುವ ಒಂದು ಸಂಜೆಗೆ ಖರ್ಚಾಗುವುದು ಚಪ್ಪಲಿ ಮಾತ್ರ.

ಒಂದು ದಿನ ಕಿಗ್ಗಕ್ಕೆ ಇಡಿ. ಹತ್ತು ಕಿಲೋಮೀಟರ್ ಒಳಗೇ ಇದೆ. ಋಷ್ಯಶೃಂಗೇಶ್ವರ ಮಳೆಯ ದೇವರು. ಬರ ಬಿದ್ದ ವರ್ಷ ಸರ್ಕಾರದ ಮಂದಿಯೂ ಇಲ್ಲಿಗೆ ಬಂದು ಪೂಜೆ ಮಾಡಿಸುತ್ತಾರೆ, ಅತಿಮಳೆಯಾದರೆ ನಿಲ್ಲಿಸು ಎಂದು ಊರವರು ಬೇಡುತ್ತಾರೆ. ಅಲ್ಲಿಂದ ಇನ್ನೂ ಮುಂದೆ ಸಿರಿಮನೆ ಜಲಪಾತ. ಬೇಸಿಗೆಯಲ್ಲಿ ಧಾರೆ ಸಣ್ಣದು, ಚಿತ್ರದಲ್ಲಿ ನೋಡಿದ್ದನ್ನೇ ಬಯಸಿ ಹೋದವರಿಗೆ ಬೇಸರವಾದೀತು. ಆದರೆ ಮಳೆಗಾಲದಲ್ಲಿ ಹತ್ತಿರ ಸುಳಿಯಲಾಗದ ನೀರಿಗೆ ಈಗ ತಲೆಯೊಡ್ಡಿ ನಿಲ್ಲಬಹುದು. ಕಿಗ್ಗದಿಂದ ಸಿರಿಮನೆಗೆ ಬಸ್ಸಿನ ಭರವಸೆ ಕಡಿಮೆ; ಆಟೋದವರ ಹತ್ತಿರ ಹೋಗಿಬರುವ ದರ ಮೊದಲೇ ಗಟ್ಟಿ ಮಾಡಿಕೊಳ್ಳಬೇಕು.

ಇನ್ನೊಂದು ದಿನ ಕುಪ್ಪಳಿ. ಕೊಪ್ಪಕ್ಕೆ ಹೋಗಿ, ತೀರ್ಥಹಳ್ಳಿ ಕಡೆಯ ಬಸ್ಸು ಹಿಡಿದು ದಾರಿಯಲ್ಲಿ ಇಳಿದು ಸ್ವಲ್ಪ ನಡೆದರೆ ಕವಿಮನೆ. ಕುವೆಂಪು ಬೆಳೆದ ಮನೆ ಈಗ ವಸ್ತುಸಂಗ್ರಹಾಲಯ. ಮೇಲೆ ಅವರು ಮಲಗಿರುವ ಕವಿಶೈಲ. ಪಾಠದಲ್ಲಿ ಓದಿದ್ದನ್ನು ಮಕ್ಕಳು ಇಲ್ಲಿ ಕಾಡು, ಒನಕೆ, ತೊಟ್ಟಿಯಾಗಿ ನೋಡುತ್ತಾರೆ. ಆಗುಂಬೆಯ ಸೂರ್ಯಾಸ್ತ ಮಾತ್ರ ಬೇಸಿಗೆಯಲ್ಲಿ ನಂಬುವಂತಿಲ್ಲ; ಕರಾವಳಿಯ ಕಡೆ ಮಸುಕು ಕವಿದು ಸೂರ್ಯ ಸಮುದ್ರ ಮುಟ್ಟುವ ಮೊದಲೇ ಕಾಣೆಯಾಗುತ್ತಾನೆ. ಅದೊಂದಕ್ಕಾಗಿ ದುಡ್ಡು ಸುರಿದು ಟ್ಯಾಕ್ಸಿ ಮಾಡಬೇಡಿ.

ಕಾಡಿಗೆ ಇಳಿಯುವವರಿಗೆ ಒಂದು ಎಚ್ಚರಿಕೆ. ಮಂಗನ ಕಾಯಿಲೆಯ ಕಾಲ ಚಳಿಗಾಲದಿಂದ ಮೇವರೆಗೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ ಈ ಜ್ವರ ಕೊಪ್ಪ, ಶೃಂಗೇರಿ ಸೀಮೆಯಲ್ಲೂ ಕಾಣಿಸಿಕೊಂಡಿದೆ. ಹರಡುವುದು ಉಣುಗಿನಿಂದ. ಒಣಎಲೆಗಳ ಮೇಲೆ ಕೂರುವುದು, ಮಕ್ಕಳನ್ನು ಕಾಡೊಳಗೆ ಅಲೆಯಲು ಬಿಡುವುದು ಬೇಡ. ತುಂಬುತೋಳಿನ ಬಟ್ಟೆ ಹಾಕಿ, ಮರಳಿದ ಮೇಲೆ ಬಿಸಿನೀರಲ್ಲಿ ಮಿಂದು ಬಟ್ಟೆ ಒಗೆಯಿರಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಊರಿಗೆ ಮರಳಿದ ಮೇಲೆ ಜ್ವರ ಬಂದರೆ ಮಲೆನಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಹೇಳಲು ಮರೆಯಬೇಡಿ.

ಹೊರಡುವ ಮೊದಲು ಪೇಟೆಯಲ್ಲಿ ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ. ಬೇಸಿಗೆಯ ಸರಕು ಇದು, ಈಗಲೇ ತಾಜಾ. ಬಂದ ದಾರಿಯಲ್ಲೇ ಹಿಂತಿರುಗಬೇಕೆಂದಿಲ್ಲ. ಆಗುಂಬೆ ಘಾಟಿಯ ಹದಿನಾಲ್ಕು ತಿರುವು ಇಳಿದು, ಹೆಬ್ರಿ ಹಾದು ಉಡುಪಿ ಸೇರಿದರೆ ಕೃಷ್ಣಮಠ, ಮಲ್ಪೆಯ ಸಮುದ್ರ. ರಾತ್ರಿ ಪಂಚಗಂಗಾ ಎಕ್ಸ್‌ಪ್ರೆಸ್ಸಿನ ಸ್ಲೀಪರ್‌ನಲ್ಲಿ ಬೆಂಗಳೂರು. ರಜೆಯ ದಿನಗಳಲ್ಲಿ ಆ ರೈಲಿನ ಸೀಟು ಬೇಗ ಮುಗಿಯುತ್ತದೆ, ಆದ್ದರಿಂದ ಮನೆ ಬಿಡುವ ಮೊದಲೇ ಬುಕ್ ಮಾಡಿರಬೇಕು. ಇದೆಲ್ಲ ಮೇ ಕೊನೆಯೊಳಗೆ ಆಗಬೇಕು. ಜೂನ್‌ನಲ್ಲಿ ಮುಂಗಾರು ಘಟ್ಟ ಹತ್ತಿತೆಂದರೆ ಘಾಟಿ ಯಾವಾಗ ಕುಸಿಯುವುದೋ, ಬಸ್ಸು ಯಾವಾಗ ನಿಲ್ಲುವುದೋ ಹೇಳಬರುವುದಿಲ್ಲ.