ವರ್ಸೇಲ್ಸಿನ ರುಜು, ಮಂಗಳೂರಿನ ಮುತ್ತಿಗೆ

ವರ್ಸೇಲ್ಸಿನ ಸಂಧಿ ಎಂದೊಡನೆ ನಮ್ಮ ವಾಚಕರಿಗೆ 1919ರದು ನೆನಪಾಗುವುದು ಸಹಜ. ಜರ್ಮನಿಯನ್ನು ಬಗ್ಗಿಸಿದ ಆ ಕರಾರಿನ ಕಥೆಯನ್ನು ಶಾಲೆಯಲ್ಲಿ ಓದದವರು ವಿರಳ. ಆದರೆ ಅದೇ ಊರಿನಲ್ಲಿ ಅದಕ್ಕೆ 136 ವರ್ಷ ಮೊದಲು ಆದ ಇನ್ನೊಂದು ಸಂಧಿಯುಂಟು. ಅದರ ಬಿಸಿ ತಟ್ಟಿದ್ದು ನಮ್ಮ ಮಂಗಳೂರಿಗೆ.

ಅಮೆರಿಕದ ವಸಾಹತುಗಳು ಇಂಗ್ಲೆಂಡಿನ ವಿರುದ್ಧ ಎದ್ದಾಗ, 1778ರಲ್ಲಿ ಫ್ರಾನ್ಸು ಅವುಗಳ ಪಕ್ಷ ವಹಿಸಿತು. ಜಗಳ ಅಟ್ಲಾಂಟಿಕ್ಕಿನದಾದರೂ ಕಿಡಿ ಹಿಂದೂ ಮಹಾಸಾಗರಕ್ಕೂ ಹಾರಿತು. ಇಂಗ್ಲಿಷರು ಫ್ರೆಂಚರ ಪಾಂಡಿಚೇರಿಯನ್ನು ಹಿಡಿದರು; 1779ರಲ್ಲಿ ಮಾಹೆಯನ್ನೂ ಹಿಡಿದರು. ಹೈದರ್ ಅಲಿಗೆ ಯುದ್ಧಸಾಮಗ್ರಿ ಬರುತ್ತಿದ್ದುದು ಆ ಮಾಹೆಯ ಮೂಲಕವೇ. ಮರುವರ್ಷ ಹೈದರನು ಕರ್ನಾಟಿಕ್ ಪ್ರಾಂತದ ಮೇಲೆ ದಂಡೆತ್ತಿದನು. ಹೀಗೆ ಮೈಸೂರೂ ಫ್ರಾನ್ಸೂ ಒಂದೇ ಶತ್ರುವಿನ ಎದುರು ಜೊತೆಗೂಡಿದವು. 1782ರ ಡಿಸೆಂಬರಿನಲ್ಲಿ ಹೈದರನು ತೀರಿಕೊಂಡ ಮೇಲೆ ಯುದ್ಧದ ಭಾರ ಟಿಪ್ಪುವಿನ ಹೆಗಲಿಗೆ ಬಿತ್ತು.

ಇತ್ತ ತೋಪುಗಳು ಗರ್ಜಿಸುತ್ತಿರುವಾಗಲೇ ಅತ್ತ 1783ರ ಜನವರಿ 20ರಂದು ವರ್ಸೇಲ್ಸಿನಲ್ಲಿ ಶಾಂತಿಯ ಪ್ರಾಥಮಿಕ ಕರಾರುಗಳಿಗೆ ರುಜು ಬಿದ್ದಿತ್ತು. ಫ್ರಾನ್ಸಿನ ವಿದೇಶಮಂತ್ರಿ ವೆರ್ಜೆನ್ನನಿಗೆ ಬೊಕ್ಕಸ ಬರಿದಾದ ಚಿಂತೆ. ಫ್ರಾನ್ಸಿಗೆ ಟೊಬಾಗೊ, ಸೆನೆಗಲ್. ಸ್ಪೇನಿಗೆ ಮಿನೋರ್ಕ, ಫ್ಲಾರಿಡ. ಭಾರತದಲ್ಲಿ ಪಾಂಡಿಚೇರಿ, ಕಾರೈಕಾಲ್, ಮಾಹೆ, ಚಂದ್ರನಗರಗಳು ಫ್ರೆಂಚರಿಗೆ ಮರಳಬೇಕು. ಹದಿನಾರನೆಯ ಕಲಮನ್ನು ಮಾತ್ರ ವಾಚಕರು ಲಕ್ಷ್ಯವಿಟ್ಟು ನೋಡಬೇಕು. ಭಾರತದಲ್ಲಿರುವ ಉಭಯ ಪಕ್ಷಗಳ ಮಿತ್ರರು ನಾಲ್ಕು ತಿಂಗಳೊಳಗೆ ಈ ಶಾಂತಿಗೆ ಒಪ್ಪತಕ್ಕದ್ದು. ಒಪ್ಪದಿದ್ದರೆ ಅವರಿಗೆ ಯಾವ ಸಹಾಯವನ್ನೂ ಕೊಡತಕ್ಕದ್ದಲ್ಲ!

ಆ ಮಿತ್ರರನ್ನು ಕೇಳಿದವರು ಯಾರು? ಪಾಲುಗಾರಿಕೆಯಲ್ಲಿ ಹೋಟೆಲು ನಡೆಸಿದ ನಮ್ಮಂಥವರಿಗೆ ಈ ಸಂಕಟ ಅಪರಿಚಿತವಲ್ಲ. ಒಬ್ಬ ಪಾಲುದಾರ ಒಳಗೆ ಒಲೆಯ ಮುಂದೆ ಬೇಯುತ್ತಿರುವಾಗ ಇನ್ನೊಬ್ಬನು ಹೊರಗೆ ಎದುರು ಪಕ್ಷದೊಡನೆ ಲೆಕ್ಕ ತೀರಿಸಿಕೊಂಡು ಬಂದರೆ ಹೇಗಾದೀತು?

ಸುದ್ದಿ ಬರಲು ಹಡಗಿಗೆ ಐದು ತಿಂಗಳು ಹಿಡಿಯಿತು. ಜೂನ್ ಕೊನೆಗೆ ಅದು ಕಡಲೂರಿಗೆ ಮುಟ್ಟಿದಾಗ ಅಲ್ಲಿ ಫ್ರೆಂಚ್ ಸೇನಾನಿ ಬುಸಿಯನ್ನು ಇಂಗ್ಲಿಷರು ಮುತ್ತಿದ್ದರು. ಜನವರಿಯಿಂದ ಈಚೆಗೆ ಸತ್ತವರೆಲ್ಲ ರಾಜರ ನಡುವೆ ಶಾಂತಿಯಾದ ಮೇಲೆ ಸತ್ತವರೇ. ಕಡಲೂರಿನಲ್ಲೇನೋ ಕಾಳಗ ನಿಂತಿತು. ಪಶ್ಚಿಮ ತೀರದಲ್ಲಿ ಟಿಪ್ಪುವು ಮೇ ತಿಂಗಳಿನಿಂದ ಮಂಗಳೂರು ಕೋಟೆಗೆ ಮುತ್ತಿಗೆ ಹಾಕಿ ಕುಳಿತಿದ್ದನು. ಕೊಸಿಗ್ನಿಯ ಕೈಕೆಳಗಿನ ಫ್ರೆಂಚ್ ಪಡೆ ಜೊತೆಗಿತ್ತು. ಬುಸಿಯ ಆಜ್ಞೆ ಬಂದೊಡನೆ ಆ ಪಡೆ ಕದನದಿಂದ ಹಿಂದೆ ಸರಿಯಿತು. ಟಿಪ್ಪುವಿನ ಕೋಪಕ್ಕೆ ಮೇರೆಯಿರಲಿಲ್ಲ.

ಆಗಸ್ಟ್ 2ರಂದು ಕದನವಿರಾಮವಾಯಿತು. ಮುತ್ತಿಗೆ ಮಾತ್ರ ಸಡಿಲಲಿಲ್ಲ. ಕೋಟೆಯೊಳಗೆ ಕರ್ನಲ್ ಕ್ಯಾಂಬೆಲ್ಲನ ಕೆಳಗಿದ್ದವರಲ್ಲಿ ಗೋರರು ಕಡಿಮೆ, ಮುಂಬಯಿ ಸೇನೆಯ ದೇಶೀ ಸಿಪಾಯಿಗಳೇ ಹೆಚ್ಚು. ಆಹಾರ ಮುಗಿಯುತ್ತ ಬಂದು, ಸ್ಕರ್ವಿ ರೋಗ ಹಬ್ಬಿ, ಅವರು ಸಾಲುಸಾಲಾಗಿ ನೆಲ ಹಿಡಿದರು. ವರ್ಸೇಲ್ಸಿನಲ್ಲಿ ಸೆಪ್ಟೆಂಬರ್ 3ರಂದು ಅಂತಿಮ ಸಂಧಿಗೂ ಮೊಹರು ಬಿತ್ತು. ಮಂಗಳೂರಿನ ಕೋಟೆ ಇನ್ನೂ ಹಸಿದೇ ಇತ್ತು. 1784ರ ಜನವರಿ ಕೊನೆಯಲ್ಲಿ ಕ್ಯಾಂಬೆಲ್ಲನು ಕೋಟೆಯನ್ನು ಬಿಟ್ಟುಕೊಟ್ಟನು. ಎರಡು ತಿಂಗಳು ಕಳೆಯುವುದರೊಳಗೆ ಅವನೂ ಮಂಗಳೂರಿನಲ್ಲೇ ಸತ್ತನು.

ಮಾರ್ಚ್ 11ರಂದು ಟಿಪ್ಪುವೂ ಕಂಪೆನಿಯವರೂ ಮಂಗಳೂರಿನಲ್ಲಿ ತಾವೇ ಸಂಧಿ ಮಾಡಿಕೊಂಡರು. ಗೆದ್ದ ನೆಲವನ್ನು ಎರಡೂ ಕಡೆಯವರು ಹಿಂದಿರುಗಿಸಬೇಕು, ಸೆರೆಯಾಳುಗಳನ್ನು ಬಿಡಬೇಕು. ಮದರಾಸಿನಿಂದ ಬಂದ ಕಂಪೆನಿಯ ಪ್ರತಿನಿಧಿಗಳು ಟಿಪ್ಪುವಿನ ಪಾಳೆಯಕ್ಕೇ ಬಂದು ರುಜು ಹಾಕಬೇಕಾಯಿತು. ಕಂಪೆನಿಯ ದೊಡ್ಡವರಿಗೆ ಇದು ಬಹುಕಾಲ ಮುಳ್ಳಾಗಿ ಚುಚ್ಚಿತು.

ಇಷ್ಟಾದರೂ ಟಿಪ್ಪುವು ಫ್ರೆಂಚರ ಆಸೆ ಬಿಡಲಿಲ್ಲ. ಅವನ ಮೂವರು ರಾಯಭಾರಿಗಳು 1788ರ ಆಗಸ್ಟಿನಲ್ಲಿ ಅದೇ ವರ್ಸೇಲ್ಸಿನ ಅರಮನೆಯಲ್ಲಿ ಹದಿನಾರನೆಯ ಲೂಯಿಯ ದರ್ಶನ ಪಡೆದರು. ಪಿಂಗಾಣಿಯ ಉಡುಗೊರೆ, ಬೀಜಗಳು, ಕೆಲವರು ಕುಶಲ ಕೆಲಸಗಾರರು, ಇವಿಷ್ಟನ್ನು ಕೊಟ್ಟು ದೊರೆ ಅವರನ್ನು ಕಳುಹಿಸಿಕೊಟ್ಟನು. ಅವರು ಕೇಳಲು ಹೋಗಿದ್ದ ಮೈತ್ರಿಯ ಕರಾರಿಗೆ ರುಜು ಬೀಳಲಿಲ್ಲ.