ಕಲ್ಲಿನ ನೀರು ಕುಡಿದು ಬದುಕುವ ಗಿಡ

ಜಿಪ್ಸಂ ಎಂದರೆ ನಮ್ಮ ಸೆಟ್ಟೂರು, ಕಲ್ಯಾಣದುರ್ಗದ ಕಡೆಯ ವ್ಯಾಪಾರಸ್ಥರಿಗೆ ಹೊಸ ವಸ್ತುವೇನೂ ಅಲ್ಲ. ಮುಂಗಾರಿನ ಕಡಲೆಕಾಯಿ ಹೂ ಬಿಡುವ ಹೊತ್ತಿಗೆ ರೈತರು ಎಕರೆಗೆ 200 ಕಿಲೋದಂತೆ ಅದನ್ನು ಹೊಲಕ್ಕೆ ಹಾಕುವುದು ವಾಡಿಕೆ. ಹೂ ಬಾಡಿದ ಮೇಲೆ ಅದರ ಬುಡದಿಂದ ಸೂಜಿಯಂಥ ಕಡ್ಡಿಯೊಂದು ಮಣ್ಣಿಗಿಳಿದು, ಅಲ್ಲಿ ಕಾಯಿ ಕಟ್ಟುತ್ತದೆ. ಆ ಕಾಯಿ ತನಗೆ ಬೇಕಾದ ಕ್ಯಾಲ್ಸಿಯಂ ಅನ್ನು ಸುತ್ತಲಿನ ಮಣ್ಣಿನಿಂದ ತಾನೇ ಹೀರಿಕೊಳ್ಳುತ್ತದೆ. ಅದು ಸಾಲದೆ ಹೋದರೆ ಕಾಯಿ ಜೊಳ್ಳಾಗುತ್ತದೆ.

ನಾಲ್ಕು ಚೀಲ ಹಾಕಿದರೆ ಬೆಳೆಗೆ ಬಲ, ಸರಿ. ಆದರೆ ನೆಲವೆಲ್ಲ ಜಿಪ್ಸಮ್ಮೇ ಆಗಿದ್ದರೆ ಗಿಡದ ಗತಿಯೇನು?

ಸ್ಪೇನ್ ದೇಶದ ಒಣಸೀಮೆಯಲ್ಲಿ, ಅಮೆರಿಕ ಮತ್ತು ಮೆಕ್ಸಿಕೋದ ಮರುಭೂಮಿಗಳಲ್ಲಿ ಇಂಥ ಬಿಳಿಯ ನೆಲಗಳಿವೆ. ಅಲ್ಲಿ ಮಣ್ಣಿನ ಮೇಲೆ ಗಟ್ಟಿ ಹೆಪ್ಪು ಕಟ್ಟಿರುತ್ತದೆ. ಮೊಳಕೆಯ ಬೇರು ಅದನ್ನು ಭೇದಿಸಿ ಒಳಗಿಳಿಯಬೇಕು. ಕ್ಯಾಲ್ಸಿಯಂ ಮತ್ತು ಗಂಧಕ ಮಿತಿಮೀರಿ ಇರುತ್ತವೆ, ರಂಜಕದಂಥ ಪೋಷಕಾಂಶಗಳು ಸಿಗುವುದು ಕಷ್ಟ. ಸಾಧಾರಣ ಗಿಡ ಅಲ್ಲಿ ಸೊರಗುತ್ತದೆ.

ಆದರೂ ಕೆಲವು ಜಾತಿಯ ಗಿಡಗಳು ಆ ನೆಲವನ್ನೇ ಮನೆ ಮಾಡಿಕೊಂಡಿವೆ. ಹೆಚ್ಚಾದ ಗಂಧಕವನ್ನೂ ಕ್ಯಾಲ್ಸಿಯಂ ಅನ್ನೂ ಅವು ತಮಗೆ ಬಾಧೆಯಾಗದಂತೆ ಎಲೆಗಳಲ್ಲಿ ಶೇಖರಿಸಿಡುತ್ತವೆ. ಕೆಲವು ಗಿಡಗಳ ಎಲೆಯೊಳಗೆ ಜಿಪ್ಸಂ ಹರಳುಗಳೇ ಕಂಡುಬರುತ್ತವೆ. ಮದುವೆ ಮನೆಯ ಹೂಗುಚ್ಛಗಳಲ್ಲಿ ಗುಲಾಬಿಯ ನಡುವೆ ಸಿಕ್ಕಿಸುವ ಪುಟ್ಟ ಬಿಳಿ ಹೂವು ಜಿಪ್ಸೋಫಿಲಾವನ್ನು ನಾವೆಲ್ಲ ಕಂಡಿದ್ದೇವೆ. ಆ ಹೆಸರಿನ ಅರ್ಥ ‘ಜಿಪ್ಸಂ ಪ್ರಿಯ’ ಎಂದು. ಅಂಗಡಿಯ ಜಾತಿ ಬೇರೆ ಮಣ್ಣಿನಲ್ಲೂ ಬೆಳೆಯುತ್ತದೆ; ಅದರ ಕುಲದ ಕೆಲವು ಗಿಡಗಳು ಮಾತ್ರ ಜಿಪ್ಸಂ ನೆಲವನ್ನು ಬಿಟ್ಟು ಕದಲುವುದಿಲ್ಲ.

ಇನ್ನೊಂದು ವಿಸ್ಮಯವಿದೆ. ಶುದ್ಧ ಜಿಪ್ಸಂನ ತೂಕದಲ್ಲಿ ನೂರಕ್ಕೆ ಸುಮಾರು 21 ಪಾಲು ನೀರೇ. 50 ಕಿಲೋ ಚೀಲದಲ್ಲಿ 10 ಕಿಲೋ ನೀರು ಎಂದಾಯಿತು! ಕೈಗೆ ತೇವ ಹತ್ತುವುದಿಲ್ಲ, ಏಕೆಂದರೆ ಆ ನೀರು ಹರಳಿನೊಳಗೆ ಬಂಧಿಯಾಗಿದೆ. ಜಿಪ್ಸಂ ಅನ್ನು ಕಾಯಿಸಿ ಈ ನೀರಿನ ಮುಕ್ಕಾಲು ಪಾಲನ್ನು ಹೊರಹಾಕಿದರೆ ಸಿಗುವುದೇ ಪ್ಲಾಸ್ಟರ್ ಆಫ್ ಪ್ಯಾರಿಸ್. ಸ್ಪೇನಿನ ಹೀಲಿಯಾಂಥೆಮಮ್ ಸ್ಕ್ವಾಮೇಟಮ್ ಎಂಬ ಕುರುಚಲು ಗಿಡದ ಬೇರು ಹೆಚ್ಚು ಆಳಕ್ಕಿಳಿಯುವುದಿಲ್ಲ. ಬೇಸಿಗೆಯಲ್ಲಿ ಅದು ಬಳಸುವ ನೀರಿನಲ್ಲಿ ಶೇಕಡಾ 90ರಷ್ಟು ಈ ಹರಳಿನ ನೀರೇ ಇರಬಹುದೆಂದು ವಿಜ್ಞಾನಿಗಳು 2014ರಲ್ಲಿ ಪ್ರಕಟಿಸಿದರು. ಮಳೆ ತಪ್ಪಿದ ವರ್ಷ ಆಕಾಶ ನೋಡುತ್ತ ಕೂರುವ ನಮ್ಮ ಸೀಮೆಯವರಿಗೆ ಇದರ ಬೆಲೆ ಬೇರೆ ಹೇಳಬೇಕಿಲ್ಲ.

ಸಸ್ಯವೂ ಜೀವ, ಏಕೇಂದ್ರಿಯ ಜೀವ ಎಂದು ನಮ್ಮ ಮಕ್ಕಳೂ ಪಾಠಶಾಲೆಯಲ್ಲಿ ಕಲಿಯುತ್ತಾರೆ. ನೆಲವನ್ನು ಅಗೆದು ಸೀಳುವ ಸ್ಫೋಟಕರ್ಮವನ್ನು ಶ್ರಾವಕರು ಬಿಡಬೇಕಾದ ಹದಿನೈದು ಕರ್ಮಾದಾನಗಳಲ್ಲಿ ಎಣಿಸಿದ್ದಾರೆ. ನಾವು ಅಗೆಯುವವರಲ್ಲ, ಮಾರುವವರು ಎಂದು ಜಾರಿಕೊಳ್ಳುವುದು ಸುಲಭ. ಆದರೆ ನಮ್ಮ ದೇಶದ ಗಣಿ ಜಿಪ್ಸಂನ ಬಹುಪಾಲು ಬರುವುದು ರಾಜಸ್ಥಾನದಿಂದ, ಬಿಕಾನೇರ್, ನಾಗೌರ್‌ನಂಥ ಮರಳುಸೀಮೆಗಳಿಂದ. ನಮ್ಮಲ್ಲಿ ಎಷ್ಟೋ ಮನೆತನಗಳ ಮೂಲವೂ ಆ ಕಡೆಯದೇ. ಸ್ಪೇನಿನ ಸೋರ್ಬಾಸ್ ಪ್ರದೇಶದಲ್ಲಿ ಜಿಪ್ಸಂ ಗಣಿಗಳಿಂದ ಅಪರೂಪದ ಗಿಡಗಳಿಗೆ ಕುತ್ತು ಬಂತು. ಅಲ್ಲಿನ ನೆಲದ ಒಂದು ಭಾಗವನ್ನು 1989ರಲ್ಲಿ ಸಂರಕ್ಷಿತ ತಾಣವೆಂದು ಘೋಷಿಸಿದರು. ಬೇರೆಡೆ ಬೆಳೆಯದ ಗಿಡಕ್ಕೆ ಆ ನೆಲ ಹೋದರೆ ಎಲ್ಲವೂ ಹೋದಂತೆ.

ಹಾಗೆಂದು ರೈತನಿಗೆ ಜಿಪ್ಸಂ ಕೊಡಬೇಡಿ ಎನ್ನುತ್ತಿಲ್ಲ. ಅವನ ಕಾಯಿ ತುಂಬಲೇಬೇಕು. ಎಕರೆಗೆ ನಾಲ್ಕು ಚೀಲ ಸಾಕಾದಲ್ಲಿ ಲಾಭದಾಸೆಯಿಂದ ಐದನೆಯದನ್ನು ಹೊರಿಸದಿದ್ದರೆ ಅದೇ ನಮ್ಮ ಕೈಲಾಗುವ ಅಹಿಂಸೆ. ರಸಗೊಬ್ಬರ ಕಾರ್ಖಾನೆಗಳಲ್ಲಿ ಉಪೋತ್ಪನ್ನವಾಗಿ ಸಿಗುವ ಜಿಪ್ಸಂ ಕೂಡ ಕೃಷಿಗೆ ಬಳಕೆಯಲ್ಲಿದೆ. ಅದಕ್ಕಾಗಿ ಜಿಪ್ಸಂ ನೆಲವನ್ನು ಅಗೆಯಬೇಕಿಲ್ಲ. ಇನ್ನು ಯಾವುದಾದರೂ ನೆಲ ಕಂಡು “ಬಂಜರು, ಏನೂ ಇಲ್ಲ” ಎನ್ನುವ ಮೊದಲು ಒಮ್ಮೆ ಬಗ್ಗಿ ನೋಡೋಣ. ಕಲ್ಲಿನಲ್ಲಿ ನೀರು ಹುಡುಕಿಕೊಂಡ ಜೀವವೊಂದು ಅಲ್ಲಿದ್ದೀತು.

ಜೈ ಜಿನೇಂದ್ರ.